ದೆಹಲಿಯಿಂದ ತಂದ ಗಾಡಿ

ಹಳೆಯ ವಸ್ತುವೊಂದನ್ನು ಕೊಂಡು ಮನೆಗೆ ತಂದವನಿಗೆ ಊರಿನಲ್ಲಿ ಎರಡು ಪ್ರಶ್ನೆಗಳು ಕಾದಿರುತ್ತವೆ. ‘ಎಷ್ಟಕ್ಕೆ ಬಂತು?’ ಎಂಬುದು ಮೊದಲನೆಯದು. ಅದಕ್ಕೆ ನಾವು ಏನೇ ಉತ್ತರ ಹೇಳಲಿ, ಬೆನ್ನಿಗೇ ಎರಡನೆಯದು ಬರುತ್ತದೆ: ‘ಅಯ್ಯೋ, ಇನ್ನಷ್ಟು ಹಾಕಿದ್ದರೆ ಹೊಸತೇ ಸಿಕ್ಕುತ್ತಿತ್ತಲ್ಲ!’ ಹಳೆಯ ಪುಸ್ತಕಗಳನ್ನು ಕೊಳ್ಳುವ ಚಟವುಳ್ಳ ನನಗೆ ಈ ಪ್ರಶ್ನೆಗಳು ಹೊಸವಲ್ಲ. ಆದರೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತರಬಹುದು. 2024ರ ಮೇ ತಿಂಗಳ ಕೊನೆಯಲ್ಲಿ ನಾನು ಕೊಂಡ ಹಳೆಯ ವಸ್ತುವನ್ನು ಹಾಗೆ ತರುವಂತಿರಲಿಲ್ಲ. ಅದು ದೆಹಲಿಯಲ್ಲಿದ್ದಿತು; ಅದಕ್ಕೆ ನಾಲ್ಕು ಚಕ್ರಗಳಿದ್ದವು; ಹನ್ನೆರಡು ವರ್ಷ ವಯಸ್ಸಾಗಿದ್ದಿತು. ಅದನ್ನು ತೀರ್ಥಹಳ್ಳಿಯ ಆಚೆಗಿನ ನಮ್ಮ ಮನೆಯ ಅಂಗಳಕ್ಕೆ ಸುಮಾರು 2,200 ಕಿಲೋಮೀಟರು ಓಡಿಸಿಕೊಂಡೇ ಬರಬೇಕಾಗಿದ್ದಿತು.

ವಾಚಕರಲ್ಲಿ ಕೆಲವರು ಹುಬ್ಬೇರಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಹಳಗನ್ನಡದ ಪಾಠ ಹೇಳುವ ಮೇಷ್ಟರಿಗೆ ಕಾಡುಗುಡ್ಡ ಹತ್ತುವ ಜಿಪ್ಸಿ ಗಾಡಿಯೇಕೆ? ಇದು ಷೋಕಿಯಲ್ಲವೆ? ಷೋಕಿಯೇ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಈ ಪುಟದಲ್ಲಿ ಅದಕ್ಕಿಂತ ದೊಡ್ಡ ತಪ್ಪುಗಳನ್ನೇ ಒಪ್ಪಿಕೊಂಡಿದ್ದೇನೆ. ಆದರೆ ಕಾರಣ ಬೇರೆಯಿದೆ.

ನಮ್ಮ ಹಳ್ಳಿಯ ಮನೆಗೆ ಟಾರು ರಸ್ತೆಯಿಂದ ಮೂರು ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳದಾಚೆ ಕಡಿದಾದ ಏರು. ಬೇಸಗೆಯಲ್ಲಿ ಅದು ದಾರಿ. ಮಳೆಗಾಲದಲ್ಲಿ ಅದೂ ಒಂದು ಹಳ್ಳ. 2023ರ ಜುಲೈ ತಿಂಗಳಲ್ಲಿ, ಹಗಲಿರುಳೂ ಮಳೆ ಹೊಡೆಯುತ್ತಿದ್ದಾಗ, ಎಪ್ಪತ್ತನಾಲ್ಕು ವರ್ಷದ ನನ್ನ ತಾಯಿ ಕೊಟ್ಟಿಗೆಯ ಮುಂದೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸು ಟಾರು ರಸ್ತೆಯ ಕೊನೆಯವರೆಗೆ ಬಂದು ನಿಂತಿತು. ಅದಕ್ಕಿಂತ ಮುಂದೆ ಬಂದರೆ ಹಿಂದಿರುಗುವುದು ಸಾಧ್ಯವಿಲ್ಲವೆಂದು ಚಾಲಕ ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇದ್ದಿತು. ಅಣ್ಣನೂ ಅಕ್ಕಪಕ್ಕದ ಮನೆಗಳವರೂ ಸೇರಿ ಬಿದಿರ ಗಳುವಿಗೆ ಕಂಬಳಿಯ ಜೋಲಿ ಕಟ್ಟಿ ಅವರನ್ನು ಮೂರು ಕಿಲೋಮೀಟರು ಹೊತ್ತರು. ಒಂದೂವರೆ ಗಂಟೆ ಹಿಡಿಯಿತು. ಪ್ರತಿ ಹೆಜ್ಜೆಯ ಕುಲುಕಿಗೂ ಅವರು ಬಾಯಿಗೆ ಸೆರಗು ಕಚ್ಚಿಕೊಂಡಿದ್ದರೆಂದು ಅಣ್ಣ ಆಮೇಲೆ ಹೇಳಿದ. ನಾನು ಶಿವಮೊಗ್ಗದಲ್ಲಿ ತರಗತಿಯಲ್ಲಿದ್ದೆ.

ಶಸ್ತ್ರಚಿಕಿತ್ಸೆಯಾಗಿ ಗುಣವಾದ ಮೇಲೆ ಅವರನ್ನು ಶಿವಮೊಗ್ಗೆಯಲ್ಲೇ ಇರಿಸಿಕೊಳ್ಳಲು ನಾನೂ ನನ್ನ ಹೆಂಡತಿಯೂ ಪಟ್ಟ ಪ್ರಯತ್ನ ಒಂದೆರಡಲ್ಲ. ಅವರು ಮೂರು ತಿಂಗಳು ಇದ್ದರು. ನಾಲ್ಕನೆಯ ತಿಂಗಳು ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಮಳೆಗಾಲದ ಮಾತನ್ನು ನಾನು ಎತ್ತಿದಾಗ ನಕ್ಕು, ‘ನನ್ನನ್ನು ಹೊತ್ತುಕೊಂಡು ಹೋಗಬೇಕಾದದ್ದು ಒಟ್ಟು ಎರಡು ಸಲ, ಮಗಾ. ಒಂದು ಆಯಿತು. ಇನ್ನೊಂದು ನನಗೆ ಗೊತ್ತಾಗುವುದಿಲ್ಲ’ ಎಂದರು. ಈ ಮಾತಿಗೆ ಯಾವ ಎಂ.ಎ. ಪದವೀಧರನ ಬಳಿಯೂ ಉತ್ತರವಿಲ್ಲ. ಆ ರಾತ್ರಿ ನನ್ನ ಹೆಂಡತಿ, ‘ಅತ್ತೆಯವರು ದಾರಿಗೆ ಹೊಂದಿಕೊಳ್ಳುವುದಿಲ್ಲ. ದಾರಿಗೆ ಹೊಂದುವ ಗಾಡಿಯನ್ನಾದರೂ ನೋಡಿ’ ಎಂದಳು. ನಿವೇಶನಕ್ಕೆಂದು ಕೂಡಿಟ್ಟ ಹಣದ ಪಾಸುಪುಸ್ತಕವನ್ನು ಅವಳೇ ತೆಗೆದಿಟ್ಟಳು.

ಇನ್ನು ದೆಹಲಿಯೇ ಏಕೆ? ಜಿಪ್ಸಿ ಮೊದಲು ಮಾರುಕಟ್ಟೆಗೆ ಬಂದದ್ದು 1985ರ ಡಿಸೆಂಬರಿನಲ್ಲಿ, ಗುರುಗ್ರಾಮದ ಮಾರುತಿ ಕಾರ್ಖಾನೆಯಿಂದ. ಮೊದಲಿನದು 970 ಸಿ.ಸಿ.ಯ ಸಣ್ಣ ಎಂಜಿನ್ನು. 1996ರಲ್ಲಿ ಬಂದ ‘ಜಿಪ್ಸಿ ಕಿಂಗ್’ ಎಂಬುದರಲ್ಲಿ 1298 ಸಿ.ಸಿ.ಯದು. ಸೈನ್ಯದವರೂ ಪೋಲೀಸರೂ ಅರಣ್ಯ ಇಲಾಖೆಯವರೂ ಮೂರು ದಶಕ ಅದನ್ನು ಮೆಚ್ಚಿ ದುಡಿಸಿದರು. 2019ರಲ್ಲಿ ಅದರ ತಯಾರಿಕೆ ನಿಂತಿತು. ಹೀಗಾಗಿ ಈಗ ಜಿಪ್ಸಿ ಬೇಕೆಂಬವನು ಹಳೆಯದನ್ನೇ ಕೊಳ್ಳಬೇಕು. ನಮ್ಮ ಮಲೆನಾಡಿನಲ್ಲಿ ಅಂಥ ಗಾಡಿಯುಳ್ಳವನು ಅದನ್ನು ಮಾರುವುದಿಲ್ಲ. ಮಾರಿದರೂ ಬೆಲೆ ಕೇಳಿದವನು ಮರುಮಾತಾಡದೆ ಮನೆಗೆ ಹೋಗುತ್ತಾನೆ. ದೆಹಲಿಯ ಸಂಗತಿ ಬೇರೆ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳೂ ಹದಿನೈದು ವರ್ಷ ಮೀರಿದ ಪೆಟ್ರೋಲು ಗಾಡಿಗಳೂ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2014 ಮತ್ತು 2015ರಲ್ಲಿ ಆದೇಶ ಮಾಡಿದ್ದಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿದ್ದಿತು. ಹಾಗಾಗಿ ನಾವು ಹೋದ ಕಾಲಕ್ಕೆ ಅಲ್ಲಿ ಹನ್ನೆರಡು ವರ್ಷದ ಗಾಡಿಯೆಂದರೆ ನಿವೃತ್ತಿಗೆ ಮೂರು ವರ್ಷ ಉಳಿದ ಗುಮಾಸ್ತನಂತೆ. ಬೆಲೆ ನಮ್ಮ ಕಡೆಯದಕ್ಕಿಂತ ಬಹಳ ಇಳಿದಿರುತ್ತಿತ್ತು. ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆಯಲ್ಲಿ ವ್ಯವಹಾರ ಕುದುರಿತು.

ಕುದುರಿಸಿದವನು ನಾನಲ್ಲ, ನನ್ನ ಅಕ್ಕನ ಗಂಡ. ಭಾವ ಇಪ್ಪತ್ತೈದು ವರ್ಷ ಕಾಫಿ ತೋಟಗಳ ದಾರಿಗಳಲ್ಲಿ ಜೀಪು ಓಡಿಸಿದವರು. ನಾನು ಕಾಲೇಜಿನ ಕೆಲಸಕ್ಕೆ ಸೇರಿದಂದಿನಿಂದ ಅವರು ನನ್ನನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು ‘ಮೇಷ್ಟ್ರೇ’ ಎನ್ನತೊಡಗಿದರು. ಅದರಲ್ಲಿ ಗೌರವವೆಷ್ಟು, ಪರಿಹಾಸವೆಷ್ಟು ಎಂಬುದನ್ನು ನಾನು ಇನ್ನೂ ಬೇರ್ಪಡಿಸಿ ನೋಡಿಲ್ಲ.

ದೆಹಲಿಯ ಆ ಓಣಿಯಲ್ಲಿ ನಿಂತಿದ್ದ ಹಸಿರು ಗಾಡಿಯನ್ನು ಕಂಡೊಡನೆ ನಾನು ಮನಸೋತೆ. ಬಣ್ಣ ಮಿರಮಿರನೆ ಮಿಂಚುತ್ತಿದ್ದಿತು. ಭಾವ ಬಣ್ಣದ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಒಂದು ಹಳೆಯ ಪತ್ರಿಕೆ ಹಾಸಿ, ಅಂಗಾತ ಮಲಗಿ ಗಾಡಿಯ ಅಡಿಗೆ ತೂರಿಕೊಂಡು, ಚಾಸಿಯ ಉದ್ದಕ್ಕೂ ಸ್ಪ್ಯಾನರಿನಿಂದ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಬೊದ್ದೆನ್ನುತ್ತದೆ. ಗಡಿಗೆ ಕೊಳ್ಳುವ ಹೆಂಗಸರು ಬೆರಳಿನಿಂದ ತಟ್ಟಿ ನೋಡುವುದೂ ಇದೇ ಶಾಸ್ತ್ರ. ಆಮೇಲೆ ಹೊರಗೆ ಬಂದು ಕ್ಲಚ್ಚಿನ ಪೆಡಲಿನ ರಬ್ಬರು ನೋಡಿದರು. ಮೀಟರು 62,000 ಕಿಲೋಮೀಟರು ಎನ್ನುತ್ತಿದ್ದಿತು. ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದಿತು. ‘ಮೇಷ್ಟ್ರೇ, ಮೀಟರು ಬಾಯಲ್ಲಿ ಹೇಳುತ್ತೆ, ರಬ್ಬರು ಕಾಲಲ್ಲಿ ಹೇಳುತ್ತೆ. ಕಾಲಿನ ಮಾತು ನಂಬಬೇಕು’ ಎಂದರು. ಮಾರುವವನ ಮುಖ ಸ್ವಲ್ಪ ಇಳಿಯಿತು. ಬೆಲೆಯೂ ಮೂವತ್ತು ಸಾವಿರ ಇಳಿಯಿತು. ಕೊನೆಗೆ ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ನಾನು ಓದಿದೆ, ಅವರು ನೋಂದಣಿ ಪತ್ರದೊಡನೆ ಒಂದೊಂದಂಕಿಯನ್ನೂ ತಾಳೆ ನೋಡಿದರು. ಪಾಠಾಂತರವಿರಲಿಲ್ಲ.

ಕಾಗದಪತ್ರಗಳ ವಿಷಯ ಇಂಥ ಗಾಡಿ ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತೆಂದು ಎರಡು ಮಾತು ಹೇಳುತ್ತೇನೆ. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಹೊರರಾಜ್ಯಕ್ಕೆ ಒಯ್ಯಲು ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅದು 28ನೆಯ ನಮೂನೆ. ಗಾಡಿಯ ಮೇಲೆ ಸಾಲವಿದ್ದಿದ್ದರೆ ಅದು ತೀರಿತೆಂಬುದಕ್ಕೆ 35ನೆಯದು. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ನಾವು ಅದು ಬಂದ ಮೇಲೆಯೇ ರೈಲು ಹತ್ತಿದ್ದು. ಗಾಡಿಯನ್ನು ಲಾರಿಯ ಮೇಲೆ ಹಾಕಿ ಕಳುಹಿಸಬಹುದಾಗಿತ್ತು. ಮಾರಿದವನೂ ಅದನ್ನೇ ಹೇಳಿದ. ಭಾವ ಒಪ್ಪಲಿಲ್ಲ. ‘ಇದರ ರೋಗ ಏನಿದ್ದರೂ ಒಣದಾರಿಯಲ್ಲಿ ಹೊರಗೆ ಬರಲಿ. ನಮ್ಮ ಏರಿನಲ್ಲಿ, ಮಳೆಯಲ್ಲಿ, ಅತ್ತೆ ಒಳಗೆ ಕೂತಿರುವಾಗ ಬರುವುದು ಬೇಡ’ ಎಂದರು. ಆ ಮಾತಿನ ಮುಂದೆ ನನ್ನ ಲೆಕ್ಕಾಚಾರ ನಿಲ್ಲಲಿಲ್ಲ.

ಮೇ 26ರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಹಿಂದಿನ ದಿನವಷ್ಟೇ ದೆಹಲಿಯಲ್ಲಿ ಲೋಕಸಭೆಯ ಮತದಾನ ನಡೆದಿದ್ದು, ಬೀಳ್ಕೊಡಲು ಬಂದ ಮಾರಾಟಗಾರನ ಬೆರಳಿನ ಶಾಯಿ ಇನ್ನೂ ಹೊಳೆಯುತ್ತಿದ್ದಿತು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ಕ್ಷಣ ಸುಮ್ಮನೆ ನಿಂತ. ಮಗಳನ್ನು ಕಳುಹಿಸಿಕೊಡುವವರ ಮುಖವನ್ನು ನಾನು ನಮ್ಮ ಕಡೆಯ ಮದುವೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದುವರೆಗೆ ಅವನ ಮೇಲೆ ನನಗಿದ್ದ ಗುಮಾನಿ ಅಲ್ಲಿಗೆ ಮುಗಿಯಿತು. ಮೊದಲನೆಯ ಟೋಲ್ ಗೇಟಿನಲ್ಲಿ ಅದು ಮತ್ತೆ ಶುರುವಾಯಿತೆನ್ನಿ. ಫಾಸ್ಟ್ಯಾಗು ಅವನ ಖಾತೆಗೆ ಸೇರಿದ್ದು, ಅವನು ಅದನ್ನು ಮುಚ್ಚಿಸಿಬಿಟ್ಟಿದ್ದ. ನ್ಯಾಯವಾಗಿ ಅವನು ಮಾಡಬೇಕಾದದ್ದೇ ಅದು. ಹೊಸದನ್ನು ಮೊದಲೇ ಮಾಡಿಸಿಕೊಳ್ಳಬೇಕಾದವನು ನಾನು. ಮೊದಲ ದಿನವೆಲ್ಲ ದುಪ್ಪಟ್ಟು ಸುಂಕ ತೆತ್ತು ಬುದ್ಧಿ ಕಲಿತೆ.

ನಮ್ಮ ದಾರಿ 44ನೆಯ ರಾಷ್ಟ್ರೀಯ ಹೆದ್ದಾರಿ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಮೂರೂವರೆ ಸಾವಿರ ಕಿಲೋಮೀಟರಿಗೂ ಮಿಗಿಲಾದ ಈ ಹೆದ್ದಾರಿಗೆ ಈ ಒಂದೇ ಅಂಕಿ ಬಂದದ್ದು 2010ರಲ್ಲಿ; ಅದಕ್ಕೆ ಮುಂಚೆ ಅದು ತುಂಡುತುಂಡಾಗಿ ಬೇರೆ ಬೇರೆ ಸಂಖ್ಯೆಗಳಲ್ಲಿ ಹಂಚಿಹೋಗಿತ್ತು. ಮಥುರಾ, ಆಗ್ರಾ ದಾಟಿ ಧೋಲ್‌ಪುರದ ಬಳಿ ಚಂಬಲ್ ನದಿ. ಅದರ ಎರಡು ದಂಡೆಗಳಲ್ಲೂ ನೀರು ಕೊರೆದ ಮಣ್ಣಿನ ಕಂದರಗಳು, ಅಲ್ಲಿಯವರು ‘ಬೀಹಡ್’ ಎನ್ನುವವು. ದರೋಡೆಕೋರರ ಕಥೆಗಳಲ್ಲಿ ಅದನ್ನು ಓದಿದ್ದೆ. ಕಣ್ಣಿಗೆ ಕಂಡದ್ದು ಬರಿಯ ಮಣ್ಣಿನ ಶೋಕ. ಒಂದೊಂದು ಮಳೆಗೂ ಒಂದಿಷ್ಟು ಹೊಲ ನದಿಗೆ ಇಳಿದುಹೋದ ಗುರುತು. ನಮ್ಮ ಮನೆಯ ಏರಿನ ಕೊರಕಲು ಅದರ ಮರಿಯಂತೆ ನೆನಪಾಯಿತು.

ಜಿಪ್ಸಿಯಲ್ಲಿ ಹವಾನಿಯಂತ್ರಣವಿಲ್ಲ. ಸ್ಟಿಯರಿಂಗು ತಿರುಗಿಸಲು ತೋಳಿನ ಬಲವೇ ಬೇಕು. ಎಲೆಪಟ್ಟಿಯ ಸ್ಪ್ರಿಂಗುಗಳು ರಸ್ತೆಯ ಸುದ್ದಿಯನ್ನೆಲ್ಲ ಒಂದಕ್ಷರ ಬಿಡದೆ ಬೆನ್ನುಮೂಳೆಗೆ ತಲುಪಿಸುತ್ತವೆ. ಪೆಟ್ರೋಲು ಟ್ಯಾಂಕಿನಲ್ಲಿ ಹಿಡಿಯುವುದು 40 ಲೀಟರು. ನಮ್ಮ ಗಾಡಿ ಲೀಟರಿಗೆ ಹತ್ತು ಕಿಲೋಮೀಟರಿನ ಮೇಲೆ ಒಂದಿಷ್ಟು ಓಡಿತು. ಮುನ್ನೂರೈವತ್ತಕ್ಕೊಮ್ಮೆ ಬಂಕು ಹುಡುಕಬೇಕು. ಗಂಟೆಗೆ ಎಪ್ಪತ್ತರ ಮೇಲೆ ಹೋಗಕೂಡದೆಂಬುದು ಭಾವನ ಆಜ್ಞೆ. ಎಡಬಲದಲ್ಲಿ ಕಾರುಗಳು ಸರ್ರನೆ ದಾಟಿಹೋಗುತ್ತಿದ್ದವು. ನಾವಿಬ್ಬರೂ ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು, ದಂಡಯಾತ್ರೆ ಮುಗಿಸಿ ಹಿಂದಿರುಗುವ ಸೋತ ಸೈನ್ಯದಂತೆ ಝಾನ್ಸಿ ತಲುಪಿದೆವು.

ಅದು ಸೂರ್ಯ ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿದ ವಾರ. ಉತ್ತರದವರು ಅದನ್ನು ‘ನೌತಪಾ’ ಎನ್ನುತ್ತಾರೆ, ಒಂಬತ್ತು ದಿನದ ಉರಿ. ನಮ್ಮಲ್ಲಿ ಅದೇ ನಕ್ಷತ್ರಕ್ಕೆ ‘ರೋಹಿಣಿ ಮಳೆ’ ಎಂದು ಹೆಸರು. ರೈತರು ಬಿತ್ತನೆಯ ಬೀಜ ಹೊರಗೆ ತೆಗೆಯುವ ಕಾಲ. ಒಂದೇ ಸೂರ್ಯ, ಒಂದೇ ನಕ್ಷತ್ರ. ಅಲ್ಲಿ ಬೆಂಕಿ, ಇಲ್ಲಿ ಮೊದಲ ಹನಿ. ಝಾನ್ಸಿಯಲ್ಲಿ ಆ ವಾರ ಉಷ್ಣಾಂಶ 48 ಡಿಗ್ರಿಯನ್ನು ದಾಟಿತು.

ಎರಡನೆಯ ದಿನ ಲಲಿತಪುರ ಕಳೆದ ಮೇಲೆ ಸ್ಟಿಯರಿಂಗು ನನ್ನ ಕೈಯಲ್ಲಿದ್ದಿತು. ಭಾವ ಪಕ್ಕದಲ್ಲಿ ತೂಕಡಿಸುತ್ತಿದ್ದರು. ನಾನು ಬುಂದೇಲಖಂಡದ ಕಲ್ಲುಗುಡ್ಡಗಳನ್ನು ನೋಡುತ್ತ, ಮುಂದೆ ಈ ಪುಟಕ್ಕೆ ಬರೆಯಬಹುದಾದ ವಾಕ್ಯಗಳನ್ನು ಮನಸ್ಸಿನಲ್ಲಿ ಹೊಸೆಯುತ್ತಿದ್ದೆ. ನೋಡಬೇಕಾಗಿದ್ದುದು ಗುಡ್ಡಗಳನ್ನಲ್ಲ, ಉಷ್ಣಮಾಪಕದ ಸೂಜಿಯನ್ನು. ಸಿಹಿಯಾದ, ಕಾಯಿಸಿದ ಬೆಲ್ಲದಂಥ ಒಂದು ವಾಸನೆ ಬಂದಿತು. ಭಾವ ಕಣ್ಣು ತೆರೆಯುವ ಮೊದಲೇ ಕೂಗಿದರು: ‘ನಿಲ್ಲಿಸಿ! ಮೊದಲು ನಿಲ್ಲಿಸಿ!’

ಸೂಜಿ ಕೆಂಪು ಗೆರೆಗೆ ಹೋಗಿ ಅಂಟಿಕೊಂಡಿತ್ತು. ಬಾನೆಟ್ಟಿನ ಸಂದಿಯಿಂದ ಆವಿ. ನಾನು ಗಾಬರಿಯಿಂದ ರೇಡಿಯೇಟರಿನ ಮುಚ್ಚಳದತ್ತ ಕೈ ಚಾಚಿದೆ. ಭಾವ ನನ್ನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆಳೆದ ರಭಸಕ್ಕೆ ಅದು ಎರಡು ದಿನ ನೋಯುತ್ತಿದ್ದಿತು. ಬಿಸಿಯಾಗಿರುವಾಗ ಅದನ್ನು ತೆರೆದಿದ್ದರೆ ಕುದಿನೀರು ಮುಖಕ್ಕೇ ಎರಚುತ್ತಿದ್ದಿತು. ರಸ್ತೆಯ ಬದಿಯ ಒಂದು ಬೇವಿನ ಮರದ ನೆರಳಿನಲ್ಲಿ ಒಂದು ಗಂಟೆ ಕುಳಿತೆವು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ‘ಇನ್ನೊಂದೈದು ನಿಮಿಷ ಓಡಿದ್ದರೆ ಎಂಜಿನ್ನಿನ ತಲೆ ಬಾಗುತ್ತಿತ್ತು, ಗ್ಯಾಸ್ಕೆಟ್ಟು ಸುಡುತ್ತಿತ್ತು’ ಎಂದಷ್ಟೇ ಹೇಳಿದರು. ಹಾಗೆಂದರೆ ನಿವೇಶನವೂ ಹೋಯಿತು, ಗಾಡಿಯೂ ಹೋಯಿತು, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಂಬಳಿ ಜೋಲಿ. ಆ ಒಂದು ಗಂಟೆಯಲ್ಲಿ ನಾನು ಹೊಸೆದಿದ್ದ ವಾಕ್ಯಗಳೆಲ್ಲ ಆವಿಯಾದವು.

ತಣಿದ ಮೇಲೆ ನೀರು ತುಂಬಿ, ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸುತ್ತ, ಹೆದ್ದಾರಿಯ ಬದಿಯ ಒಂದು ಮೆಕ್ಯಾನಿಕ್ ಅಂಗಡಿಗೆ ತಲುಪಿದೆವು. ಅಂಗಡಿಯೆಂದರೆ ತಗಡಿನ ಮಾಡು, ಹಳೆಯ ಟೈರುಗಳ ರಾಶಿ, ಒಬ್ಬ ಮುದುಕ, ಒಬ್ಬ ಹುಡುಗ. ಹುಡುಗ ಪಂಪು, ಫ್ಯಾನಿನ ಬೆಲ್ಟು, ಕೊಳವೆಗಳು ಎಲ್ಲವನ್ನೂ ನೋಡಿ ತಲೆಯಾಡಿಸಿದ. ಮುದುಕ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಅದರೊಳಗಿನ ರಬ್ಬರನ್ನು ಉಗುರಿನಿಂದ ಕೆರೆದ. ಅದು ಹಪ್ಪಳದಂತೆ ಮುರಿಯಿತು. ರೋಗ ಅಷ್ಟೇ.

ಆ ಮುಚ್ಚಳದ ಕೆಲಸ ನನಗೆ ಆಗ ತಿಳಿಯಿತು. ಅದು ಬರಿಯ ಮುಚ್ಚಳವಲ್ಲ. ಒಳಗೆ ಒಂದು ಸ್ಪ್ರಿಂಗಿದ್ದು, ಅದು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನ ನ್ಯಾಯವೇ ಇಲ್ಲಿಯೂ. ಬಯಲಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, ವಾತಾವರಣದ ಎರಡರಷ್ಟು ಒತ್ತಡದಲ್ಲಿ 120ರ ಹತ್ತಿರದವರೆಗೂ ಕುದಿಯದೆ ತಾಳಿಕೊಳ್ಳುತ್ತದೆ. ರಬ್ಬರು ಸೀಳಿದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ, ಎಂಜಿನ್ನು ಬೇಯುತ್ತದೆ. ದೆಹಲಿಯ ಓಣಿಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಭಾವನಿಗೂ ಗೊತ್ತಾಗಿರಲಿಲ್ಲ. ಹೊಸ ಮುಚ್ಚಳ ಇನ್ನೂರೈವತ್ತು ರೂಪಾಯಿ. ಮುದುಕ ತನ್ನ ಕೂಲಿಯೆಂದು ಐವತ್ತು ರೂಪಾಯಿ ಕೇಳಿದ. ಎಲ್ಲಿಗೆ ಹೋಗುತ್ತೀರೆಂದು ವಿಚಾರಿಸಿದ. ಭಾವ ತಮ್ಮ ಮುರುಕು ಹಿಂದಿಯಲ್ಲಿ ತಾಯಿಯ ಸೊಂಟ, ಮಣ್ಣಿನ ಏರು, ಕಂಬಳಿ, ಎಲ್ಲವನ್ನೂ ಹೇಳಿದರು. ಮುದುಕ ಸುಮ್ಮನೆ ಕೇಳಿ, ಹುಡುಗನಿಗೆ ಏನನ್ನೋ ಹೇಳಿದ. ಹುಡುಗ ಸ್ವಲ್ಪ ಹಳೆಯದಾದರೂ ಗಟ್ಟಿಯಾಗಿದ್ದ ಇನ್ನೊಂದು ಬೆಲ್ಟನ್ನು ತಂದು ನಮ್ಮ ಸೀಟಿನ ಕೆಳಗೆ ಇಟ್ಟ. ಹಣ ತೆಗೆದುಕೊಳ್ಳಲಿಲ್ಲ. ಆ ಬೆಲ್ಟು ಈಗಲೂ ಅಲ್ಲೇ ಇದೆ. ಬೇಕಾಗಿ ಬಂದಿಲ್ಲ, ತೆಗೆಯಲು ಮನಸ್ಸೂ ಬಂದಿಲ್ಲ.

ಆ ರಾತ್ರಿ ಸಾಗರದಲ್ಲಿ ತಂಗಿದೆವು. ನಮ್ಮ ಜಿಲ್ಲೆಯ ಸಾಗರವಲ್ಲ, ಮಧ್ಯಪ್ರದೇಶದ್ದು. ದೂರವಾಣಿಯಲ್ಲಿ ‘ಸಾಗರ ತಲುಪಿದೆವು’ ಎಂದಾಗ ಅಕ್ಕ, ‘ಹಾಗಾದರೆ ಊಟಕ್ಕೆ ಕಾಯುತ್ತೇವೆ’ ಎಂದಳು.

ಮೂರನೆಯ ದಿನ ಒಂದು ವಿಚಿತ್ರ ಗಮನಕ್ಕೆ ಬಂದಿತು. ಹಿಂದಿನ ದಿನ ದಾಟಿದ ಬೇತ್ವಾ ಉತ್ತರಕ್ಕೆ ಹರಿದು ಯಮುನೆಯನ್ನು ಸೇರುವ ನದಿ. ಈ ಬೆಳಗ್ಗೆ ಬರಮಾನ್ ಎಂಬಲ್ಲಿ ದಾಟಿದ ನರ್ಮದೆ ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ ಹೋಗುವವಳು. ಮಧ್ಯಾಹ್ನ ಸಿವನಿಯ ಸೀಮೆಗೆ ಬಂದರೆ ಅಲ್ಲಿ ಹುಟ್ಟುವ ವೈನಗಂಗೆ ವರ್ಧೆಯನ್ನು ಕೂಡಿ, ಪ್ರಾಣಹಿತೆಯಾಗಿ, ಗೋದಾವರಿಯ ಮೂಲಕ ಬಂಗಾಳ ಕೊಲ್ಲಿಗೆ. ಭೂಪಟದ ಮೇಲೆ ಬೆರಳಾಡಿಸಿ ಇದನ್ನು ಶಾಲೆಯಲ್ಲಿ ಕಲಿತಿದ್ದೆ. ಆದರೆ ಗಂಟೆಗೆ ಎಪ್ಪತ್ತರ ವೇಗದಲ್ಲಿ, ಏರುವುದನ್ನೂ ಇಳಿಯುವುದನ್ನೂ ಕಾಲಿನಿಂದ ಅರಿತಾಗಲೇ ದೇಶದ ಬೆನ್ನೆಲುಬು ಎಲ್ಲಿದೆಯೆಂದು ತಿಳಿಯುವುದು.

ಸಿವನಿ ಕಳೆದು ನಾಗಪುರದ ಕಡೆಗೆ ಪೇಂಚ್ ಕಾಡು. ಅಲ್ಲಿ ಹೆದ್ದಾರಿ ಅಲ್ಲಲ್ಲಿ ಕಂಬಗಳ ಮೇಲೇರಿ ಸಾಗುತ್ತದೆ. ಹುಲಿ, ಜಿಂಕೆ, ಕಾಡುನಾಯಿಗಳು ಕೆಳಗೆ ನಡೆದುಹೋಗಲೆಂದು ಮಾಡಿದ ಏರ್ಪಾಡು. ಮಹಾರಾಷ್ಟ್ರದ ಭಾಗದಲ್ಲಿ ಇಂಥವು ಒಂಬತ್ತಿವೆ. ಎಲ್ಲಕ್ಕಿಂತ ಉದ್ದವಾದುದು 750 ಮೀಟರು. ಹುಲಿಗಳು ಅದರಡಿ ಓಡಾಡುವುದು ಅಲ್ಲಿಟ್ಟ ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಭಾವ ಕಂಬಗಳ ಸಾಲನ್ನು ನೋಡಿ, ‘ಹುಲಿಗೆ ಸೇತುವೆ ಆಯಿತು. ನಮ್ಮ ಹಳ್ಳಕ್ಕೆ ಮೋರಿ ಆಗಲಿಲ್ಲ’ ಎಂದರು. ದೂರಿನ ಧ್ವನಿಯಿರಲಿಲ್ಲ, ಕಂಡದ್ದನ್ನು ಹೇಳಿದರು.

ಮುಂದೆ ಎಡಕ್ಕೆ ರಾಮಟೇಕದ ಗುಡ್ಡಕ್ಕೆ ಹೋಗುವ ದಾರಿ. ಕಾಳಿದಾಸನ ಯಕ್ಷ ಮೋಡವನ್ನು ದೂತನನ್ನಾಗಿ ಕಳುಹಿಸಿದ ರಾಮಗಿರಿ ಇದೇ ಎಂದು ಅನೇಕ ವಿದ್ವಾಂಸರ ಮತ. ಯಕ್ಷನ ಮೋಡ ಇಲ್ಲಿಂದ ಉತ್ತರಕ್ಕೆ ಹೊರಟಿತು, ಮನೆಯ ಕಡೆಗೆ ಸುದ್ದಿ ಹೊತ್ತು. ನಾವು ದಕ್ಷಿಣಕ್ಕೆ ಹೊರಟಿದ್ದೆವು, ಆ ಮೋಡವನ್ನು ಎದುರುಗೊಳ್ಳಲು; ಸಾಧ್ಯವಾದರೆ ಅದಕ್ಕಿಂತ ಮೊದಲು ಮನೆ ಮುಟ್ಟಲು. ಈ ಚಮತ್ಕಾರವನ್ನು ನಾನು ಭಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, ‘ಸೂಜಿ ನೋಡಿ, ಮೇಷ್ಟ್ರೇ’ ಎಂದರು.

ನಾಗಪುರದಿಂದ ಪೆನ್‌ಗಂಗೆಯನ್ನು ದಾಟಿ ತೆಲಂಗಾಣ. ನಿರ್ಮಲದ ಆಚೆ ಸೋನ್ ಎಂಬಲ್ಲಿ ಗೋದಾವರಿಯ ಸೇತುವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದ ಮಾತನ್ನು ಪ್ರತಿವರ್ಷ ಪಾಠ ಮಾಡುವವನು ನಾನು. ಆ ಎಲ್ಲೆಯನ್ನು ಕಣ್ಣಾರೆ ಕಂಡದ್ದು ಅಂದೇ. ಸೇತುವೆಯಾಚೆ ನಿಂತು ಚಹಾ ಕುಡಿದೆವು. ಸುತ್ತ ಎಲ್ಲರೂ ತೆಲುಗು ಆಡುತ್ತಿದ್ದರು. ಭಾಷೆಯ ಎಲ್ಲೆಗಳೂ ನದಿಯಂತೆ ಹಾದಿ ಬದಲಿಸುತ್ತವೆ. ಅದರಲ್ಲಿ ಕೊರಗಲು ಏನೂ ಇಲ್ಲ. ಆದರೂ ಮನೆ ಹತ್ತಿರವಾಯಿತೆಂದು ನನಗೆ ಅಕಾರಣವಾಗಿ ಅನ್ನಿಸಿತು.

ಹೈದರಾಬಾದು ದಾಟಿ, ಬೀಚುಪಲ್ಲಿಯಲ್ಲಿ ಕೃಷ್ಣೆಯನ್ನು ದಾಟಿ, ಮೇ 30ರ ಸಂಜೆ ಕರ್ನೂಲಿನ ತುಂಗಭದ್ರಾ ಸೇತುವೆಯ ಮೇಲೆ ಬಂದೆವು. ಅಗಲವಾದ ಮರಳು, ನಡುನಡುವೆ ತೆಳುವಾದ ನೀರಿನ ಗೆರೆ. ‘ನಮ್ಮೂರ ನೀರು’ ಎಂದೆ. ‘ನಮ್ಮೂರಲ್ಲಿ ಮಳೆ ಬಿದ್ದ ಮೇಲೆ ಇಲ್ಲಿಗೆ ಬರಬೇಕು. ನಾವು ಅದಕ್ಕಿಂತ ಮೊದಲು ಅಲ್ಲಿಗೆ ಹೋಗಬೇಕು’ ಎಂದರು ಭಾವ. ಅದೇ ದಿನ ಮುಂಗಾರು ಕೇರಳವನ್ನು ಮುಟ್ಟಿತೆಂಬ ಸುದ್ದಿ ಬಂದಿತು. ಮಾರನೆಯ ದಿನ ಹೆದ್ದಾರಿಯನ್ನು ಬಿಟ್ಟು ಬಳ್ಳಾರಿ, ಚಳ್ಳಕೆರೆ, ಚಿತ್ರದುರ್ಗದ ಮೇಲಾಗಿ ರಾತ್ರಿ ಶಿವಮೊಗ್ಗ. ಬಳ್ಳಾರಿಗೆ ಮುಂಚಿನ ಒಂದು ಚಿಕ್ಕ ಹೋಟೆಲಿನಲ್ಲಿ ‘ಊಟ ಸಿದ್ಧವಿದೆ’ ಎಂಬ ಬೋರ್ಡು ಓದಿ ನನ್ನ ಗಂಟಲು ಕಟ್ಟಿತು. ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅಂದು ಮಾತ್ರ ತಿದ್ದಬೇಕೆನ್ನಿಸಲಿಲ್ಲ.

ಜೂನ್ 1ರ ಮಧ್ಯಾಹ್ನ ಟಾರು ರಸ್ತೆಯ ಕೊನೆಗೆ ಬಂದು ನಿಂತೆವು. ಹಿಂದಿನ ರಾತ್ರಿ ಒಂದು ಹದ ಮಳೆ ಬಿದ್ದು ಕೆಂಪು ಮಣ್ಣು ಬೆಣ್ಣೆಯಾಗಿತ್ತು. 2,200 ಕಿಲೋಮೀಟರಿನಲ್ಲಿ ಒಮ್ಮೆಯೂ ಮುಟ್ಟದ ಎರಡನೆಯ ಗೇರು ಕೋಲಿನ ಕೆಲಸ ಈಗ. ನಾನು ದಾರಿಯಲ್ಲೆಲ್ಲೋ ಅದನ್ನು ಒಮ್ಮೆ ಹಾಕಿ ನೋಡೋಣವೆಂದಾಗ ಭಾವ ಬೇಡವೆಂದಿದ್ದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಜಿಪ್ಸಿಯಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಒಂದಕ್ಕೊಂದು ಬಿಗಿದ ಮೇಲೆ ಆ ವ್ಯತ್ಯಾಸಕ್ಕೆ ಅವಕಾಶವಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿದೂಗಿಸಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಜಾರಲಾರದೆ ಹಲ್ಲುಗಾಲಿಗಳೇ ಹಿಂಡಿಹೋಗುತ್ತವೆ. ಭಾವ ಇಳಿದು ಮುಂದಿನ ಚಕ್ರಗಳ ಗುಬ್ಬಿಗಳನ್ನು ಕೈಯಿಂದ ತಿರುಗಿಸಿ ಬಿಗಿದರು. ಕೋಲನ್ನು ತಗ್ಗಿನ ಗೇರಿಗೆ ಹಾಕಿದರು. ಗಾಡಿಯ ಧ್ವನಿ ಬದಲಾಯಿತು. ಒಂದು ಟನ್ನಿಗಿಂತ ಕಡಿಮೆ ತೂಗುವ ಆ ಹಗುರ ಗಾಡಿ ಅವಸರವಿಲ್ಲದೆ, ಮುದಿ ಎಮ್ಮೆ ಏರಿ ಹತ್ತುವಂತೆ, ಹಳ್ಳವಿಳಿದು ಏರು ಹತ್ತಿ ಅಂಗಳಕ್ಕೆ ಬಂದು ನಿಂತಿತು. ಹನ್ನೆರಡು ನಿಮಿಷ.

ಅತ್ತಿಗೆ ಆರತಿ ತಂದರು. ಅಮ್ಮ ಕೋಲೂರಿಕೊಂಡು ಜಗಲಿಯಿಂದ ಇಳಿದು ಬಂದು ಗಾಡಿಯ ಸುತ್ತ ಒಂದು ಬಳಸು ನಡೆದರು. ಹಿಂದಿನ ಬಾಗಿಲು ತೆಗೆಸಿ ಒಳಗೆ ನೋಡಿದರು. ಭಾವ, ‘ಅತ್ತೆ, ಇನ್ನು ಎಂಥ ಮಳೆಯಲ್ಲೂ ತೀರ್ಥಹಳ್ಳಿಗೆ ಒಯ್ಯುತ್ತದೆ’ ಎಂದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: ‘ವಾಪಸ್ಸು ಹತ್ತುತ್ತದೆಯೇ?’

ನಾನು ಆರು ದಿನ ದಾರಿಯಲ್ಲಿ ಯೋಚಿಸಿದ್ದೆಲ್ಲ ಅವರನ್ನು ಆ ಮನೆಯಿಂದ ಹೊರಗೆ ಒಯ್ಯುವ ವಿಷಯ. ಅವರಿಗೆ ಬೇಕಾಗಿದ್ದುದು ಹಿಂದಕ್ಕೆ ಬರುವ ದಾರಿ. ಕಂಬಳಿಯ ಜೋಲಿಯಲ್ಲಿ ಮಲಗಿದ್ದಾಗಲೂ, ಶಿವಮೊಗ್ಗದ ನಮ್ಮ ಮನೆಯಲ್ಲಿ ಮೂರು ತಿಂಗಳು ಇದ್ದಾಗಲೂ ಅವರ ಭಯ ಅದೊಂದೇ ಆಗಿತ್ತೆಂಬುದು ನನಗೆ ಆಗ ಹೊಳೆಯಿತು. ‘ಈಗ ಹತ್ತಿ ಬಂದದ್ದನ್ನು ನೋಡಿದಿರಲ್ಲ’ ಎಂದರು ಭಾವ. ‘ಹೌದು, ನೋಡಿದೆ’ ಎಂದು ಅಮ್ಮ ಕೊಟ್ಟಿಗೆಯ ಕಡೆಗೆ ಹೋದರು.

ಗಾಡಿ ಈಗ ದೆಹಲಿಯದಲ್ಲ. ಅದರ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿ, ಕೆಎ 14 ಎಂದು ತೊಡಗುವ ನಮ್ಮ ಜಿಲ್ಲೆಯ ಸಂಖ್ಯೆಯನ್ನು ಪಡೆದುಕೊಂಡಿದ್ದೇವೆ. ಹಸಿರು ಬಣ್ಣದ ಮಿರುಗು ಮೊದಲ ಮಳೆಗಾಲದಲ್ಲೇ ಹೋಯಿತು. 2024ರ ಜುಲೈ ತಿಂಗಳ ಆ ಜಡಿಮಳೆಯಲ್ಲಿ ಒಂದು ದಿನ ಅಮ್ಮನಿಗೆ ಜ್ವರ ಬಂದಿತು. ಅಣ್ಣ ಬೆಳಗ್ಗೆ ಎಂಟಕ್ಕೆ ಅವರನ್ನು ಕೂರಿಸಿಕೊಂಡು ಹೊರಟ. ವೈದ್ಯರು ನೋಡಿದರು, ಔಷಧಿ ಕೊಟ್ಟರು. ನಾನು ಸಂಜೆ ಶಿವಮೊಗ್ಗದಿಂದ ಕರೆ ಮಾಡಿದಾಗ ಅತ್ತಿಗೆ, ‘ಅವರು ಫೋನಿಗೆ ಬರುವುದಿಲ್ಲವಂತೆ, ಈಗ ಹಾಲು ಕರೆಯುವ ಹೊತ್ತಂತೆ’ ಎಂದರು.